ಹಿಂದಿನ ಸೀಟಿಗೊಂದು ಬೈಕು

ಊರು ಒಂದು ಸಲ ನಿಮ್ಮನ್ನು ದನದ ಡಾಕ್ಟ್ರು ಅಂತ ಕರೆದುಬಿಟ್ಟರೆ ಮುಗಿಯಿತು. ಆಮೇಲೆ ನೀವು ಏನು ಕೊಳ್ಳಲು ಹೊರಟರೂ ಮಧ್ಯೆ ಒಂದು ಎಮ್ಮೆ ಅಡ್ಡ ಬಂದೇ ಬರುತ್ತದೆ. ನಾನು ಹೆಣ್ಣು ನೋಡಲು ಹೋದಾಗಲೂ ಬಂದಿತ್ತು. ಇನ್ನು ಸೆಕೆಂಡ್ ಹ್ಯಾಂಡ್ ಬೈಕು ನೋಡಲು ಹೋದಾಗ ಬಾರದೆ ಇರುತ್ತದೆಯೇ?

ಅಸಲಿಗೆ ನಾನು ಡಾಕ್ಟರಲ್ಲ, ಪಶುವೈದ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಸಾತನೂರಿನ ಸುತ್ತಮುತ್ತ ಗುಡ್ಡ, ಹಳ್ಳ, ಹಿಪ್ಪುನೇರಳೆ ತೋಟದ ಬದು, ಹೀಗೆ ರಸ್ತೆಯೊಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಬೈಕು ಓಡಿಸಿ ಸರ್ವೀಸು ಕಳೆದವನು. ಮೊಣಕಾಲುದ್ದ ಕೆಸರು ದಾಟಿಸು ಅನ್ನಿ, ದಾಟಿಸುತ್ತೇನೆ. ಆನೆ ಬಾರದಿರಲಿ ಅಂತ ತೋಡಿದ ಕಂದಕ ಹತ್ತಿಸು ಅನ್ನಿ, ಹತ್ತಿಸುತ್ತೇನೆ. ನೆಟ್ಟಗಿರುವ ಟಾರು ರೋಡು ಕಂಡರೆ ಮಾತ್ರ ನನಗೆ ಕೈಕಾಲು ಆಡುವುದಿಲ್ಲ.

ನನ್ನ ಗಾಡಿಯೂ ನನ್ನ ಹಾಗೆಯೇ. ಎತ್ತರದ್ದು, ಟೈರಿನ ತುಂಬ ದಪ್ಪ ದಪ್ಪ ಗುಬುಟು, ಸೈಲೆನ್ಸರು ಮೇಲಕ್ಕೆ ಎತ್ತಿ ಕಟ್ಟಿದ್ದು. ಹಿಂದಿನ ಸೀಟಿನಲ್ಲಿ ಖಾಯಂ ಆಗಿ ಕೂತಿದ್ದದ್ದು ಹೋರಿಯ ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ಕ್ಯಾನು.

ನನ್ನ ಹೆಂಡತಿ ಸ್ಕೂಲ್ ಟೀಚರು. ಮದುವೆಯಾದ ವಾರದಲ್ಲೇ ಅವಳನ್ನು ಈ ಗಾಡಿಯಲ್ಲಿ ಕೂರಿಸಿಕೊಂಡು, ಅಡ್ಡದಾರಿ ಹತ್ತಿರವಾಗುತ್ತದೆ ಅಂತ ಒಂದು ಹಳ್ಳಕ್ಕೆ ಇಳಿಸಿದ್ದೆ. ಗಾಡಿ ಸಲೀಸಾಗಿ ಆಚೆ ದಡ ಸೇರಿತು, ನಾನೂ ಸೇರಿದೆ. ತಿರುಗಿ ನೋಡಿದರೆ ಅವಳು ರೇಷ್ಮೆ ಸೀರೆಯಲ್ಲಿ, ಹಳ್ಳದ ನಡುವೆ ಕೂತು ನನ್ನನ್ನೇ ನೋಡುತ್ತಿದ್ದಳು. ಅಂದಿನಿಂದ ಅವಳು ಬಸ್ಸು, ನಾನು ಬೈಕು. ನೆಂಟರ ಮದುವೆಗೂ ಬೇರೆ ಬೇರೆ ಹೋಗಿ, ಛತ್ರದ ಬಾಗಿಲಲ್ಲಿ ಒಟ್ಟಾಗುತ್ತಿದ್ದೆವು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಅವಳಿಗೆ ನಮ್ಮ ಮನೆಯಿರುವ ರಾಮನಗರದಿಂದ ಚನ್ನಪಟ್ಟಣದ ಪಕ್ಕದ ಸ್ಕೂಲಿಗೆ ವರ್ಗವಾಯಿತು. ದಿನಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಿ ಕುಲುಕಿ ಸೊಂಟ ಹಿಡಿದುಕೊಂಡಿತು. ನೆಲಕ್ಕೆ ಬಿದ್ದ ಸೌಟು ಎತ್ತಿಕೊಳ್ಳಲು ಅವಳು ಹಲ್ಲು ಕಚ್ಚುವುದನ್ನು ನೋಡಿದರೆ ನನಗೇ ಸಂಕಟವಾಗುತ್ತಿತ್ತು. "ನಾನೇ ಬಿಡ್ತೀನಿ ಕಣೇ" ಅಂದೆ.

ಅವಳು ಕಿಟಕಿಯಿಂದ ನನ್ನ ಗಾಡಿಯ ಕಡೆ ನೋಡಿದಳು. "ಆ ಹೋರಿ ಕ್ಯಾನು ಕೂತ ಜಾಗದಲ್ಲಿ ನಾನು ಕೂರಲ್ಲ. ರೋಡಿನಲ್ಲಿ ಓಡೋ ಗಾಡಿ, ಮನುಷ್ಯರು ಕೂರೋ ಗಾಡಿ ತನ್ನಿ. ಒಂದೇ ಒಂದು ಸಲ ಕೂತು ನೋಡ್ತೀನಿ. ಅವತ್ತು ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಆಮೇಲೆ ಸಾಯೋ ತನಕ ಬಸ್ಸೇ."

ಒಂದೇ ಅವಕಾಶ. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ, ಹಳೇದು ಹುಡುಕಲು ಹೊರಟೆ.

ಕೂಟಗಲ್ ಕಡೆಯ ಎಮ್ಮೆ

ಕೂಟಗಲ್ ಹತ್ತಿರದ ಹಳ್ಳಿಯಲ್ಲಿ ಒಬ್ಬ ರೈತ ಬೈಕು ಮಾರುತ್ತಾನೆ ಅಂತ ಗೊತ್ತಾಗಿ ಬೆಳಿಗ್ಗೆಯೇ ಹೋದೆ. ಯಜಮಾನ ಗೇಟಿನಲ್ಲೇ ಕಾಯುತ್ತಿದ್ದ.

"ಬನ್ನಿ ಡಾಕ್ಟ್ರೇ, ಗಾಡಿ ಎಲ್ಗೂ ಓಡೋಗಾಕಿಲ್ಲ. ಮೊದ್ಲು ಒಸಿ ನಮ್ಮೆಮ್ಮೆ ನೋಡ್ಬುಡಿ. ನೆನ್ನೆಯಿಂದ ಮೇವು ಮುಟ್ಟಿಲ್ಲ."

ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು. ಅದನ್ನು ಆ ಸ್ಥಿತಿಯಲ್ಲಿ ಬಿಟ್ಟು ಬೈಕಿನ ಟೈರು ನೋಡುವುದು ಯಾವ ನ್ಯಾಯ? ಪ್ಯಾಂಟು ಮಡಚಿ, ಎಣ್ಣೆ ಕುಡಿಸಿ, ಹೊಟ್ಟೆ ನೀವಿ, ನಡೆದಾಡಿಸಿದೆ. ಅದು ದೊಡ್ಡದಾಗಿ ಒಂದು ತೇಗು ತೇಗಿದಾಗ ಮನೆಯವರಿಗೆಲ್ಲ ಜೀವ ಬಂತು. ಕೈ ತೊಳೆದುಕೊಂಡು ಮುಂದಿನ ಅಂಗಳಕ್ಕೆ ಬಂದರೆ ಬೈಕಿನ ಮೇಲೆ ಪಕ್ಕದ ಮನೆಯವನು ಕೂತು ಸ್ಟಾರ್ಟ್ ಮಾಡುತ್ತಿದ್ದ. ಆಗಲೇ ಅಡ್ವಾನ್ಸು ಕೊಟ್ಟಾಗಿತ್ತು.

"ಸ್ವಾಮಿ, ನೀವು ಗಾಡಿ ಸರಿಯಾಗಿ ನೋಡಿದ್ರಾ?" ಅಂದೆ.

"ನಾ ಏನೂ ನೋಡ್ನಿಲ್ಲ ಡಾಕ್ಟ್ರೇ. ನೀವು ರಾಮನಗರದಿಂದ ಇಲ್ಲೀಗಂಟ ಬಂದಿದ್ದೀರಿ ಅಂದ್ಮೇಲೆ ಗಾಡಿ ಒಳ್ಳೇದೇ ಇರ್ಬೇಕು ಅಂತ ತಗಂಬುಟ್ಟೆ" ಅಂದ ಅವನು, ಬಹಳ ಗೌರವದಿಂದ.

ಮನೆಗೆ ಬಂದಾಗ ಹೆಂಡತಿ ಆಸೆಯಿಂದ ಕೇಳಿದಳು: "ಹೇಗಿದೆ ಗಾಡಿ?"

"ಈಗ ಮೆಲುಕು ಹಾಕ್ತಾ ಇದೆ" ಅಂದೆ.

ಹಾರೋಹಳ್ಳಿಯವನ ಕಪ್ಪು ಗಾಡಿ

ಎರಡನೆಯದು ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವವನದು. ಈ ಸಲ ಹೊರಡುವ ಮುಂಚೆ ಆ ಮನೆಯಲ್ಲಿ ದನ ಇದೆಯೇ ಅಂತ ವಿಚಾರಿಸಿಕೊಂಡೆ. ಇಲ್ಲ ಅಂದರು. ಹೋದೆ.

ಗಾಡಿ ಅಂದರೆ ಗಾಡಿ. ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು. ಹಳೇ ಬೆಡ್‌ಶೀಟು ಹೊದಿಸಿ ವರಾಂಡದ ಒಳಗೆ ನಿಲ್ಲಿಸಿದ್ದ. ಅದನ್ನು ಮೆಲ್ಲಗೆ ಸರಿಸಿ, "ಒಂದು ರೌಂಡು ಹೋಗ್ಬನ್ನಿ ಸಾರ್" ಅಂದ.

ಅವನು ರೌಂಡು ಅಂದದ್ದು ಬಸ್‌ಸ್ಟ್ಯಾಂಡಿನವರೆಗೆ. ನನಗೋ ಬೇರೆಯದೇ ಅನುಮಾನ. ಟಾರಿನ ಮೇಲೆ ಓಡಿಸಿದರೆ ಗಾಡಿಯ ಗುಣ ಗೊತ್ತಾಗುವುದಾದರೂ ಹೇಗೆ? ಟಾರಿನ ಮೇಲೆ ಒರಳುಕಲ್ಲೂ ಉರುಳಿಕೊಂಡು ಹೋಗುತ್ತದೆ. ನಾನು ಯೋಚಿಸುತ್ತಿದ್ದ ಹಾಗೆಯೇ ಕೈ ತನ್ನಷ್ಟಕ್ಕೆ ಹ್ಯಾಂಡಲ್ ತಿರುಗಿಸಿತು. ಎಡಕ್ಕೆ ರಾಗಿ ಹೊಲದ ಬದು ಕಂಡಿತು, ಹತ್ತಿದೆ. ಆಚೆ ಕೆರೆ ಅಂಗಳ ಕಂಡಿತು, ಇಳಿದೆ. ಮಧ್ಯದಲ್ಲಿ ಹಿಂದಿನ ಚಕ್ರ ಹೂತುಕೊಂಡಾಗ ನನ್ನ ಅನುಭವವೆಲ್ಲ ಉಪಯೋಗಕ್ಕೆ ಬಂತು. ಚೂರೂ ಕಾಲು ಊರದೆ ಎಬ್ಬಿಸಿಕೊಂಡು ಬಂದೆ.

ಯಜಮಾನ ಗೇಟಿನಲ್ಲಿ ನಿಂತಿದ್ದ. ಗಾಡಿಯ ಬಣ್ಣ ಕಪ್ಪು ಅನ್ನುವುದನ್ನು ಅವನು ಈಗ ನೆನಪಿನಿಂದಲೇ ಹೇಳಬೇಕಿತ್ತು. ನಾನು ಇಳಿದು ಮುಖಸ್ತುತಿ ಮಾಡದೆ ಹೇಳಿದೆ: "ಇಂಜಿನ್ ಚೆನ್ನಾಗಿದೆ. ಆದರೆ ಕೆಸರಿನಲ್ಲಿ ಹೆಜ್ಜೆ ಊರಲ್ಲ."

ಅವನು ಹಳೇ ಬೆಡ್‌ಶೀಟನ್ನು ಎದೆಗೆ ಅವಚಿಕೊಂಡ. "ಸಾರ್, ತಗಂಡಾಗಿನಿಂದ ಇದನ್ನ ಮಳೇಲಿ ಆಚೆಗೇ ತೆಗ್ದಿಲ್ಲ. ಮಳೆ ಬಂದ್ರೆ ನಾನು ಬಸ್ಸಲ್ಲಿ ಹೋಯ್ತಿದ್ದೆ."

ಪಾಪ ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ಅವನ ತಾಯಿ ಬಕೆಟ್ಟು, ಬ್ರಷ್ಷು ತಂದು ನನ್ನ ಮುಂದೆ ಇಟ್ಟರು. "ಅದ್ಯಾಕಪ್ಪ ಇಬ್ರೂ ಹಂಗೆ ನಿಂತಿದ್ದೀರಾ? ಡಾಕ್ಟ್ರಿಗೆ ಎಮ್ಮೆ ಮೈ ತೊಳ್ಯಕ್ಕೆ ಬತ್ತದಲ್ಲ, ಇದೂ ಹಂಗೇಯ."

ತೊಳೆದೆ. ಚಕ್ರದ ಕಡ್ಡಿ ಕಡ್ಡಿಯನ್ನೂ ಬಿಡದೆ, ಸಂಜೆಯವರೆಗೆ ತೊಳೆದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಎದ್ದು ನಿಂತ. ಮುಖ ಅರಳಿತ್ತು.

"ನಾನೂ ಒಂದಿನ ಇಷ್ಟು ಚೆನ್ನಾಗಿ ತೊಳ್ದಿರ್ನಿಲ್ಲ ಸಾರ್. ಇಂಥಾ ಗಾಡೀನ ಯಾರಾದ್ರೂ ಮಾರ್ತಾರಾ? ನಾನೇ ಮಡಿಕತೀನಿ."

ಮಾಗಡಿಯ ಟವೆಲ್ಲು

ಮಾಗಡಿಯಲ್ಲಿ ಒಬ್ಬ ದಲ್ಲಾಳಿ ಇದ್ದ. ಮೊದಲು ಜಾತ್ರೆಗಳಲ್ಲಿ ಎತ್ತು ಮಾರಿಸುತ್ತಿದ್ದವನು. ಎತ್ತಿನ ವ್ಯಾಪಾರ ಇಳಿದ ಮೇಲೆ ಬೈಕಿಗೆ ಬಂದ. ಮಾಲು ಬದಲಾಯಿತೇ ಹೊರತು ಕಸುಬು ಬದಲಾಗಲಿಲ್ಲ. ಸಾಲಾಗಿ ನಿಲ್ಲಿಸಿದ ಬೈಕುಗಳ ಬೆನ್ನು ತಟ್ಟುತ್ತ, "ಲೇ, ಒಸಿ ನಡ್ಸಿ ತೋರ್ಸ್ಲಾ" ಅಂತ ಜೊತೆಯವನಿಂದ ಹಿಂದಕ್ಕೂ ಮುಂದಕ್ಕೂ ನಡೆಸುತ್ತ, ಹೆಡ್‌ಲೈಟು ಸವರಿ, "ಇದ್ಕೆ ಕಣ್ಣು ಒಂದೇಯ, ಆದ್ರೆ ಸುದ್ದಾಗೈತೆ" ಅನ್ನುತ್ತಿದ್ದ.

ನನ್ನ ಕೆಸರಿನ ಗಾಡಿಯನ್ನು ಅದೇ ಸಾಲಿನ ಕೊನೆಗೆ ನಿಲ್ಲಿಸಿ ಒಳಗೆ ಬಂದೆ. ಒಂದು ನೀಲಿ ಬೈಕು ಕಣ್ಣಿಗೆ ಬಿತ್ತು. ಸೀಟು ತಗ್ಗಾಗಿತ್ತು. "ಇದರ ರೇಟು ಹೇಳಿ" ಅಂದೆ.

"ಶ್! ರೇಟು ಬಾಯಲ್ಲಿ ಆಡ್ಬಾರ್ದು ಸಾರ್" ಅಂತ ಹೆಗಲ ಟವೆಲ್ಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದ. ದನದ ಜಾತ್ರೆಯಲ್ಲಿ ಈ ಪದ್ಧತಿ ಎಷ್ಟೋ ಸಲ ನೋಡಿದ್ದೆ. ಟವೆಲ್ಲಿನ ಕೆಳಗೆ ಒಬ್ಬ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಇನ್ನೊಬ್ಬ ಬೆರಳು ಹಿಡಿದು ಉತ್ತರ ಕೊಡುತ್ತಾನೆ, ಸುತ್ತಲಿನವರಿಗೆ ಗೊತ್ತಾಗುವುದಿಲ್ಲ. ನೋಡಿದ್ದೆ ಅಷ್ಟೇ, ಕಲಿತಿರಲಿಲ್ಲ. ಅವನು ನನ್ನ ಬೆರಳು ಅದುಮಿದ. ಸುಮ್ಮನಿದ್ದರೆ ಮರ್ಯಾದೆಯಲ್ಲ ಅಂತ ನಾನೂ ಅದುಮಿದೆ. ಮತ್ತೆ ಅದುಮಿದ. ಮತ್ತೆ ಅದುಮಿದೆ.

ದಲ್ಲಾಳಿ ಟವೆಲ್ಲು ಕೊಡವಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ರೈತನಿಗೆ ಹೇಳಿದ: "ಏಳಣ್ಣ, ಸಾರ್ ಒಪ್ಪವ್ರೆ." ಆ ರೈತ ಎದ್ದು ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು, ಸಾಲಿನ ಕೊನೆಗೆ ಹೋಗಿ, ಕೆಸರಿನ ಗಾಡಿಯ ಹೆಡ್‌ಲೈಟಿಗೆ ಅಗಲವಾಗಿ ಬೊಟ್ಟು ಇಟ್ಟ.

"ಅಯ್ಯೋ, ಅದು ನನ್ನ ಗಾಡಿ!" ಅಂತ ಕೂಗಿದೆ.

"ನಿಮ್ದೇ ಅಂತ ಗೊತ್ತು ಸಾರ್. ಸಾಲಲ್ಲಿ ನಿಲ್ಸಿದ್ಮೇಲೆ ಮಾರಾಕೇ ತಾನೆ? ಅದುಕ್ಕೇ ಅಲ್ವಾ ನಿಮ್ಮ ಕೈ ಇಡ್ಕಂಡಿದ್ದು?" ಅಂದ ದಲ್ಲಾಳಿ.

ಕುಂಕುಮ ಇಟ್ಟ ಮೇಲೆ ಹಿಂದಕ್ಕೆ ಕೊಡುವುದು ಏಳಿಗೆಯಲ್ಲ ಅಂತ ರೈತ ಪಟ್ಟು ಹಿಡಿದ. ಅವನ ತಪ್ಪೂ ಇಲ್ಲ, ಗುಡ್ಡದ ಊರಿನವನು, ಅವನಿಗೆ ಅಂಥದ್ದೇ ಗಾಡಿ ಬೇಕಿತ್ತು. ಕೊನೆಗೆ ನಾನು ದನದ ಡಾಕ್ಟ್ರು ಅಂತ ತಿಳಿದು, ಅವನ ಹಸು ಬೆದೆಗೆ ಬಂದಾಗ ಹೇಳಿ ಕಳಿಸಿದರೆ ಬರುತ್ತೇನೆ ಅಂತ ನಾನು ಮಾತು ಕೊಟ್ಟ ಮೇಲೆ ಬಿಟ್ಟುಕೊಟ್ಟ. "ಬೊಟ್ಟು ಮಾತ್ರ ಅಳಿಸ್ಬ್ಯಾಡಿ" ಅಂದ.

ಸಂಜೆ ಹೆಂಡತಿ ಬಾಗಿಲಿಗೆ ಬಂದು ಹೆಡ್‌ಲೈಟು ನೋಡಿದಳು. "ಬೇರೆ ಗಾಡಿ ತರ್ತೀನಿ ಅಂತ ಹೋಗಿ, ಇರೋದಕ್ಕೆ ಮದುವೆ ಮಾಡಿಸಿಕೊಂಡು ಬಂದ್ರಾ?"

ಚನ್ನಪಟ್ಟಣದ ಮೇಷ್ಟ್ರ ಮನೆಯಮ್ಮ

ನನ್ನನ್ನು ಒಬ್ಬನೇ ಕಳಿಸಿದರೆ ಆಗುವ ಕೆಲಸವಲ್ಲ ಅಂತ ಅವಳಿಗೆ ಖಾತ್ರಿಯಾಯಿತು. ಚನ್ನಪಟ್ಟಣದ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು ಬೈಕು ಕೊಡುತ್ತಾರೆ ಅಂತ ಅವಳೇ ಸ್ಕೂಲಿನಲ್ಲಿ ಕೇಳಿಕೊಂಡು ಬಂದಳು. ಭಾನುವಾರ ಇಬ್ಬರೂ ಹೊರಟೆವು. ಅವಳು ಬಸ್ಸಿನಲ್ಲಿ, ನಾನು ಬೈಕಿನಲ್ಲಿ.

ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು, ಅದಕ್ಕೇ ಮಾರುತ್ತಿದ್ದರು. ಗಾಡಿ ನೋಡಿದೆ. ಸೀಟು ತಗ್ಗು, ಅಗಲ. ಸೀರೆ ಸಿಕ್ಕದ ಹಾಗೆ ಪಕ್ಕದಲ್ಲಿ ಕಂಬಿಯ ಗಾರ್ಡು, ಎರಡೂ ಪಾದ ಇಡಲು ಅಗಲವಾದ ತಗಡಿನ ಮೆಟ್ಟಿಲು. ನನ್ನವಳು ಹಿಂದಿನ ಸೀಟನ್ನು ಎರಡು ಸಲ ಅಂಗೈಯಿಂದ ಒತ್ತಿ ನೋಡಿದಳು. ಆಮೇಲೂ ಕೈ ತೆಗೆಯಲಿಲ್ಲ. ದೇವರೇ, ಇದು ಕೈ ತಪ್ಪದಿರಲಿ ಅಂದುಕೊಂಡೆ.

"ಕಂಡೀಶನ್ ಹೇಗಿದೆ ಸಾರ್?" ಅಂದೆ.

"ನನ್ನನ್ನ ಕೇಳಬೇಡಿ. ನಾನು ಬರೀ ಓಡಿಸಿದವನು. ಹಿಂದೆ ಕೂತವರನ್ನ ಕೇಳಿ" ಅಂದರು ಮೇಷ್ಟ್ರು.

ಅವರ ಮನೆಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ತಗಳೋರ ಹಿಂದೆ ಒಂದು ಸುತ್ತು ಕೂತ್ಕಂಡು ನೋಡ್ದೆ ನಾನು ಕೊಡಾಕಿಲ್ಲ ಕಣಪ್ಪ. ಇಬ್ಬರನ್ನ ಆಗ್ಲೇ ವಾಪಸ್ ಕಳ್ಸಿದ್ದೀನಿ. ಒಬ್ಬ ಓಡಿಸ್ತಾ ಓಡಿಸ್ತಾ ಫೋನಲ್ಲಿ ಮಾತಾಡ್ದ, ಇನ್ನೊಬ್ಬ ಎಲಡಿಕೆ ಉಗುಳ್ದ."

ಆಕೆ ಹಿಂದೆ ಕೂತರು. ನನ್ನವಳು ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಹೊರಟೆ. ಗುಂಡಿ ಇಲ್ಲ, ಕಲ್ಲಿಲ್ಲ, ತಪ್ಪಿಸಲು ಏನೂ ಇಲ್ಲ. ಕೈಗೆ ಕೆಲಸವಿಲ್ಲದೆ ಬೆವರು ಬಂತು. ಅಷ್ಟರಲ್ಲಿ ಒಂದು ಹಂಪು. ಹಳ್ಳಕೊಳ್ಳದಲ್ಲಿ ಓಡಿಸುವವರದೊಂದು ಅಭ್ಯಾಸ ಇದೆ. ಉಬ್ಬು ಬಂದರೆ ಸೀಟು ಬಿಟ್ಟು ಕಾಲ ಮೇಲೆ ಎದ್ದು ನಿಲ್ಲುತ್ತೇವೆ, ಏಟೆಲ್ಲ ಮಂಡಿಗೆ ಹೋಗಲಿ ಅಂತ. ನಾನು ಎದ್ದು ನಿಂತೆ.

ಹಿಂದಿನಿಂದ ದನಿ ಬಂತು: "ಯಾಕಪ್ಪ ಎದ್ದೆ? ಎಲ್ಲಾದ್ರೂ ರಾಷ್ಟ್ರಗೀತೆ ಹಾಕವ್ರಾ?"

ನಾಚಿಕೊಂಡು ಕೂತೆ. ಮುಂದಿನ ಹಂಪಿಗೆ ಮತ್ತೆ ಎದ್ದೆ. ಅದರ ಮುಂದಿನದಕ್ಕೆ ಆಕೆ ನನ್ನ ಬೆಲ್ಟು ಹಿಡಿದು ಕೆಳಕ್ಕೆ ಎಳೆದು ಕೂರಿಸಿದರು.

ಮುಗಿಯಿತು ಅಂದುಕೊಂಡೆ. ಗೇಟಿನ ಹತ್ತಿರ ಇಳಿದವರೇ ಆಕೆ ಸೀದಾ ನನ್ನ ಹೆಂಡತಿಯ ಹತ್ತಿರ ಹೋದರು. "ನೋಡವ್ವ, ಓಡ್ಸದು ಸುದ್ದ ಐತೆ. ಚಾಳಿ ಒಂದೇಯ, ಹಂಪು ಕಂಡ್ರೆ ಎದ್ದು ನಿಂತ್ಕತ್ತಾನೆ. ಗಾಬ್ರಿಯಾಗ್ಬ್ಯಾಡ. ಬೆಲ್ಟು ಇಡ್ದು ಎಳುದ್ರೆ ತಿರ್ಗಾ ಕೂತ್ಕತ್ತಾನೆ. ಸಾಧು."

ನಾನು ಎಷ್ಟೋ ಹಸುಗಳ ಬಗ್ಗೆ ಹೀಗೆ ಸರ್ಟಿಫಿಕೇಟು ಕೊಟ್ಟಿದ್ದೇನೆ. ನನ್ನ ಬಗ್ಗೆ ಯಾರೂ ಕೊಟ್ಟಿರಲಿಲ್ಲ.

ದುಡ್ಡು ಕೊಟ್ಟು, ನನ್ನ ಹಳೇ ಗಾಡಿಯನ್ನು ಸದ್ಯಕ್ಕೆ ಅಲ್ಲೇ ಬಿಟ್ಟು ಮೇಷ್ಟ್ರ ಗಾಡಿಯಲ್ಲಿ ರಾಮನಗರಕ್ಕೆ ಹೊರಟೆವು. ಇಷ್ಟು ವರ್ಷದ ಮೇಲೆ ಅವಳ ಕೈ ನನ್ನ ಹೆಗಲ ಮೇಲೆ ಬಂತು. ನಿಜ ಹೇಳುತ್ತೇನೆ, ಕಣ್ಣು ತುಂಬಿತು. ಗಾಳಿಗೆ ಅಂದುಕೊಳ್ಳಲಿ ಅಂತ ಹೆಲ್ಮೆಟ್ಟಿನ ಗಾಜು ಮೇಲೆತ್ತಿದೆ. ಅವಳ ಇನ್ನೊಂದು ಕೈ ಬೆಲ್ಟಿನ ಮೇಲಿತ್ತು. ಮೊದಲ ಹಂಪಿಗೆ ನನ್ನ ಮಂಡಿ ಎದ್ದಿತು, ಬೆಲ್ಟು ಜಗ್ಗಿತು, ಕೂತೆ. ಆಮೇಲಿನವಕ್ಕೆಲ್ಲ ಹಲ್ಲು ಕಚ್ಚಿಕೊಂಡು ನಾನೇ ಕೂತೆ. ಗೆದ್ದೆ ಅನ್ನಿಸಿತು.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಂಪಿದೆ, ಆಟೋಗಳೂ ಅದನ್ನು ಓರೆಯಾಗಿ ಹತ್ತುತ್ತವೆ. ಏನಾದರೂ ಸರಿ, ಏಳುವುದಿಲ್ಲ ಅಂತ ಸೀಟಿಗೆ ಅಂಟಿಕೊಂಡೆ. ದಢ್ ಅಂತ ಏಟು ಬಿದ್ದು ನನ್ನ ಬೆನ್ನುಮೂಳೆ ಲಟಕ್ಕೆಂದಿತು. ಹಿಂದಿನಿಂದ ಕೂಗಿಲ್ಲ, ಬೈಗುಳವಿಲ್ಲ. ಬೆಲ್ಟಿನ ಮೇಲೆ ಕೈಯೂ ಇಲ್ಲ. ಅಂಗಡಿ ಮುಂದಿನ ಜನ ಎಲ್ಲ ನಮ್ಮನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಮತ್ತೆ ಬೀಳಿಸಿಬಿಟ್ಟೆನೇ? ಕನ್ನಡಿಯಲ್ಲಿ ನೋಡಿದೆ, ಅವಳ ಮುಖ ಇಲ್ಲ, ಬರೀ ಸೀರೆಯ ನೆರಿಗೆ.

ತಗಡಿನ ಮೆಟ್ಟಿಲಿನ ಮೇಲೆ, ನನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಟೀಚರಮ್ಮ ಎದ್ದು ನಿಂತಿದ್ದಳು.

"ಲೇ, ಕೂತ್ಕೊಳೇ! ಬಿದ್ದೀಯ!" ಅಂತ ಅರಚಿದೆ.

"ಎದ್ದು ನಿಂತ್ರೆ ಸೊಂಟಕ್ಕೆ ಗೊತ್ತೇ ಆಗಲ್ವಲ್ರೀ!" ಅಂದಳು ಮೇಲಿನಿಂದ. "ಇಷ್ಟು ವರ್ಷ ಈ ಸುಖಾನ ನೀವೊಬ್ರೇ ಅನುಭವಿಸ್ತಾ ಇದ್ರಾ?"