ಮೂರು ಬ್ರೌಸರ್, ಒಬ್ಬಳೇ ಗಿರಿಜಾ

ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ ಸಕಲ ವ್ಯವಹಾರಗಳಲ್ಲೂ ಅಂತಿಮ ತೀರ್ಮಾನ ನನ್ನದೇ. ಅದರ ಮೇಲಿನ ಬಟ್ಟೆಯನ್ನು ಬೆಳಿಗ್ಗೆ ತೆಗೆಯುವವನು ನಾನು, ರಾತ್ರಿ ಮತ್ತೆ ಹೊದಿಸುವವನೂ ನಾನು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ಮೇಲೆ ನನ್ನ ಕೈಕೆಳಗೆ ಉಳಿದಿರುವ ಏಕೈಕ ಸಿಬ್ಬಂದಿ ಈ ಡೆಸ್ಕ್‌ಟಾಪು. ಹೀಗಿರುವಾಗ ನನ್ನ ಹೆಂಡತಿ ಗಿರಿಜಾ, "ರೀ, ನಾನು ಮೊಬೈಲ್‌ನಲ್ಲೇ ಹಾಡ್ತೀನಿ. ಚಟ್ನಿಪುಡಿ ಡಬ್ಬಕ್ಕೆ ಒರಗಿಸಿ ಇಟ್ಕೊಂಡ್ರೆ ಆಯ್ತು" ಎಂದಾಗ ನನ್ನ ಮೈಯೆಲ್ಲ ಉರಿದುಹೋಯಿತು.

"ಚಟ್ನಿಪುಡಿ ಡಬ್ಬ! ತೀರ್ಪುಗಾರರ ಮುಂದೆ ಹಾಡೋಕೆ ಚಟ್ನಿಪುಡಿ ಡಬ್ಬ! ಮನೇಲಿ ಇಷ್ಟು ದೊಡ್ಡ ಕಂಪ್ಯೂಟರ್ ಯಾಕಿದೆ ಮತ್ತೆ? ನಾನಿದ್ದೀನಲ್ಲ ಕಣೇ!"

"ನೀವಿದ್ದೀರಲ್ಲ, ಅದಕ್ಕೇ ಹೇಳಿದ್ದು" ಎಂದಳು ಗಿರಿಜಾ. ಆಗ ಈ ಮಾತಿನ ಅರ್ಥ ನನಗೆ ಹೊಳೆಯಲಿಲ್ಲ.

ವಿಷಯ ಇಷ್ಟು. ಗಿರಿಜಾ ವಚನ ಹಾಡುತ್ತಾಳೆ. ದಾವಣಗೆರೆಯಿಂದ ಮದುವೆಯಾಗಿ ಈ ಬಸವೇಶ್ವರನಗರದ ಮನೆಗೆ ಬಂದಾಗಿನಿಂದ ಹಾಡುತ್ತಲೇ ಇದ್ದಾಳೆ, ಆದರೆ ರೊಟ್ಟಿ ಹೆಂಚಿನ ಮುಂದೆ. ಕೇಳಿದ್ದು ರೊಟ್ಟಿ ಮಾತ್ರ. ನಮ್ಮ ಬಡಾವಣೆಯ ಸಂಗೀತ ಸಂಘದವರು ಈ ಸಲ ತಮ್ಮ ವಾರ್ಷಿಕೋತ್ಸವದ ವೇದಿಕೆಗೆ ಹೊಸಬರನ್ನು ಆನ್‌ಲೈನ್‌ನಲ್ಲಿ ಆರಿಸುತ್ತೇವೆಂದು ಪ್ರಕಟಿಸಿದರು. ಒಬ್ಬೊಬ್ಬರಿಗೆ ಹತ್ತು ನಿಮಿಷ. ತೀರ್ಪುಗಾರರು ಅವರವರ ಮನೆಯಲ್ಲಿ ಕುಳಿತು ನೋಡುತ್ತಾರೆ. ಬೇಕಾದವರೆಲ್ಲ ಲೈವ್‌ನಲ್ಲಿ ನೋಡಬಹುದು. ಗಿರಿಜಾ ಹೆದರುತ್ತಲೇ ಹೆಸರು ಕೊಟ್ಟಳು. ಕೊಟ್ಟ ಮೇಲೆ ಧೈರ್ಯ ಬಂದು ದಾವಣಗೆರೆಯಿಂದ ಹುಬ್ಬಳ್ಳಿಯವರೆಗಿನ ನೆಂಟರಿಗೆಲ್ಲ ಲಿಂಕ್ ಕಳಿಸಿದಳು.

ನಾನು ಕಾರ್ಯೋನ್ಮುಖನಾದೆ. ನಮ್ಮ ಡೆಸ್ಕ್‌ಟಾಪು ಗಿರಿಜಾಳ ಅಣ್ಣ, ಅಂದರೆ ನನ್ನ ಭಾವ, ತಮ್ಮ ಅಂಗಡಿಗೆ ಹೊಸದು ತಂದಾಗ ಹಳೆಯದನ್ನು ಪ್ರೀತಿಯಿಂದ ನಮಗೆ ಕೊಟ್ಟದ್ದು. ಅದರಲ್ಲಿ ಎರಡು ಬ್ರೌಸರ್‌ಗಳಿದ್ದವು. ಒಂದು ಹುಟ್ಟಿನಿಂದಲೇ ಬಂದದ್ದು, ಇನ್ನೊಂದು ನಾನು ಎಂದೋ ಹಾಕಿದ್ದು. ಎರಡೂ ಒಂದು ಪುಟ ತೆರೆಯುವಷ್ಟರಲ್ಲಿ ನಾನು ಹಲ್ಲುಜ್ಜಿ, ಪೇಪರು ಓದಿ, ಹಾಲಿನವನ ಜೊತೆ ಜಗಳವಾಡಿ ಬರಬಹುದಿತ್ತು. ಪಕ್ಕದ ಮನೆಯ ನಾಗರಾಜ್ ಅವರನ್ನು ಕೇಳಿದೆ. ಅವರಿಗೆ ಮಾರೇನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇದೆ. ಬಹಳ ನಿಧಾನದ ಮನುಷ್ಯ. ಒಂದು ವಾಕ್ಯ ಶುರು ಮಾಡಿದರೆ ಕೇಳುವವರು ಕುರ್ಚಿ ಎಳೆದುಕೊಳ್ಳಬೇಕು.

"ಸಾರ್... ಹೊಸಾ ಬ್ರೌಸರ್ ಒಂದಿದೆ... ಮೊಬೈಲಾಗ್ಲಿ, ಲ್ಯಾಪ್‌ಟಾಪಾಗ್ಲಿ, ಡೆಸ್ಕ್‌ಟಾಪಾಗ್ಲಿ... ಎಲ್ಲಾದ್ರಲ್ಲೂ ಒಂದೇ ಥರ. ನನ್ನ ಅಂಗಡಿ ಹಳೇ ಡೆಸ್ಕ್‌ಟಾಪಲ್ಲಿ ಹಾಕಿದೀನಿ. ಬೆಣ್ಣೆ ಸಾರ್, ಬೆಣ್ಣೆ."

ಬೆಣ್ಣೆಯನ್ನು ಆ ಕ್ಷಣವೇ ಇಳಿಸಿಕೊಂಡೆ. ಕಾಮಾಕ್ಷಿಪಾಳ್ಯದ ಅಂಗಡಿಯಿಂದ ಮೈಕ್ ಸಮೇತ ಒಂದು ಕ್ಯಾಮೆರಾ ತಂದು ಮಾನಿಟರಿನ ನೆತ್ತಿಗೆ ಸಿಕ್ಕಿಸಿದೆ. ಅದು ಪದೇ ಪದೇ ಕತ್ತು ಬಗ್ಗಿಸಿ ಕೆಳಗೆ ನೋಡುತ್ತಿತ್ತು. ಇರಲಿ, ವಿನಯ ಎಂದುಕೊಂಡೆ.

ಆ ಭಾನುವಾರ ಬಂತು. ಗಿರಿಜಾ ಇಳಕಲ್ ಸೀರೆ ಉಟ್ಟು, ಶ್ರುತಿಪೆಟ್ಟಿಗೆ ಇಟ್ಟುಕೊಂಡು ನನ್ನ ಹಿಂದಿನ ಮಂಚದ ಮೇಲೆ ಕುಳಿತಳು. ಸೆಕೆಗೆ ನಾನು ಬನಿಯನ್ನಿನಲ್ಲಿದ್ದೆ. ಹೇಗಿದ್ದರೂ ಸಂಪರ್ಕ ಸಿಕ್ಕ ಕೂಡಲೇ ಎದ್ದು ಅವಳನ್ನು ಕೂರಿಸುವವನು ತಾನೆ?

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ನಮ್ಮ ಮನೆತನದಲ್ಲಿ ಯಾರೂ ಒಂದೇ ಕ್ಯೂನಲ್ಲಿ ನಿಂತವರಲ್ಲ. ರೇಷನ್ ಅಂಗಡಿಯಿರಲಿ, ರೈಲ್ವೆ ಟಿಕೆಟ್ಟಿರಲಿ, ಮೂರು ಕ್ಯೂ ಇದ್ದರೆ ಅಪ್ಪ ಒಂದರಲ್ಲಿ, ಅಮ್ಮ ಒಂದರಲ್ಲಿ, ನಾನು ಒಂದರಲ್ಲಿ. ಯಾವುದು ಮೊದಲು ಸರಿಯುತ್ತದೋ ಅಲ್ಲಿಗೆ ಎಲ್ಲರೂ ನುಗ್ಗುವುದು. ಅದೇ ಸೂತ್ರದ ಪ್ರಕಾರ ಲಿಂಕನ್ನು ಮೊದಲು ಹೊಸ ಬ್ರೌಸರಿನಲ್ಲಿ ತೆರೆದು 'ಗಿರಿಜಾ' ಎಂದು ಹೆಸರು ಹಾಕಿದೆ. ಅದರ ಮೇಲೆ ಎರಡನೆಯದನ್ನು ತೆರೆದು ಅಲ್ಲೂ 'ಗಿರಿಜಾ' ಎಂದೆ. ಅದರ ಮೇಲೆ ಮೂರನೆಯದು, ಅಲ್ಲೂ 'ಗಿರಿಜಾ'. ಮೂವರಲ್ಲಿ ಯಾರಾದರೊಬ್ಬ ಗಿರಿಜಾ ಒಳಗೆ ಹೋಗದೇ ಇರುತ್ತಾಳೆಯೇ!

"ರೀ, ಮೂರು ಯಾಕೆ?" ಎಂದಳು ಅಸಲಿ ಗಿರಿಜಾ.

"ಅದೆಲ್ಲ ಟೆಕ್ನಿಕಲ್ಲು. ನೀನು ಶ್ರುತಿ ನೋಡ್ಕೋ."

ಕಣ್ಣೆದುರಿನ ಬ್ರೌಸರಿನಲ್ಲಿ 'ದಯವಿಟ್ಟು ಕಾಯಿರಿ' ಎಂಬ ಬರಹ ಬಂತು. ಅದರ ಕೆಳಗೆ ಒಂದು ಚಕ್ರ ಸುತ್ತತೊಡಗಿತು. ಕಾದೆ. ಚಕ್ರ ಸುತ್ತಿತು. ಇದ್ದಕ್ಕಿದ್ದಂತೆ ಸ್ಪೀಕರಿನಿಂದ ಯಾರೋ ಹೆಂಗಸು ಹಾಡುವ ದನಿ ಬಂತು. ಪರದೆಯ ಮೇಲೆ ನೋಡಿದರೆ ಬರೀ ಚಕ್ರ! ದನಿ ಎಲ್ಲಿಂದ?

"ಥೂ, ಜಾಹೀರಾತು! ಹಾಡೋಕೆ ಬಂದವರಿಗೂ ಜಾಹೀರಾತು ಹಾಕ್ತಾರೆ ದರಿದ್ರದವರು!" ಎಂದು ಸ್ಪೀಕರಿನ ಗುಂಡಿಯನ್ನೇ ಆಫ್ ಮಾಡಿದೆ.

"ಅದು ಜಾಹೀರಾತಿನ ಥರ ಇರ್ಲಿಲ್ಲ ಕಣ್ರೀ. ಯಾರೋ ಚೆನ್ನಾಗಿ ಹಾಡ್ತಿದ್ರು..."

"ನಿನಗೇನೇ ಗೊತ್ತು ಕಂಪ್ಯೂಟರ್ ವಿಷಯ!"

ಗಿರಿಜಾಳ ಹೊತ್ತು ಬಂತು. ಚಕ್ರ ಸುತ್ತುತ್ತಲೇ ಇತ್ತು. ರಿಫ್ರೆಶ್ ಒತ್ತಿದೆ. ಚಕ್ರ ಒಂದು ಕ್ಷಣ ಮಾಯವಾಗಿ ಹೊಸ ಹುರುಪಿನಿಂದ ಸುತ್ತತೊಡಗಿತು. ಮತ್ತೆ ಒತ್ತಿದೆ, ಕೀಲಿ ಒಳಗೆ ಹೋಗುವ ಹಾಗೆ ಒತ್ತಿದೆ. ನನ್ನ ಹೆಸರು ರುದ್ರಪ್ಪ. ಕಚೇರಿಯಲ್ಲಿ ನನ್ನ ದನಿಗೆ ಜವಾನರು ಟೀ ಲೋಟ ಕೆಳಗೆ ಹಾಕುತ್ತಿದ್ದರು. ಆ ದನಿ ನಿವೃತ್ತಿಯ ಮೇಲೆ ಮೂಲೆ ಸೇರಿತ್ತು, ಈಗ ಎದ್ದು ಬಂತು.

"ಏನೋ ಹಾಳಾದ್ದೇ, ಎಷ್ಟು ಸುತ್ತುತೀಯೋ! ಗಾಣದ ಎತ್ತು ಕೂಡ ನೀರು ಕುಡಿಯೋಕೆ ನಿಲ್ಲುತ್ತೆ! ಬೆಣ್ಣೆಯಂತೆ ಬೆಣ್ಣೆ! ಆ ನಾಗರಾಜನ ತಲೇಲಿರೋದು ಬೆಣ್ಣೆ!"

"ರೀ, ಮೆತ್ತಗೆ..."

"ಏನು ಮೆತ್ತಗೆ? ಈ ಡಬ್ಬಾನ ನಮಗೆ ಅಂಟಿಸಿದನಲ್ಲ ನಿಮ್ಮಣ್ಣ, ಗುಜರಿಗೆ ಹಾಕಿದ್ರೆ ಗುಜರಿಯವನೇ ದುಡ್ಡು ಕೇಳ್ತಾನೆ ಅಂತ ತಂದು ನಮ್ಮ ಮನೇಲಿ ಇಟ್ಟ! ದೊಡ್ಡ ದಾನಶೂರ!"

"ಅಣ್ಣನ ಸುದ್ದಿಗೆ ಹೋಗ್ಬೇಡಿ."

"ಹೋಗ್ತೀನಿ! ಆ ತೀರ್ಪುಗಾರರ ಸುದ್ದಿಗೂ ಹೋಗ್ತೀನಿ! ಬಾಯಲ್ಲಿ ಎಲೆಅಡಿಕೆ ಇಟ್ಕೊಂಡು ಸುಮ್ಮನೆ ತಲೆ ಆಡಿಸೋರು! ಹಾಡು ಯಾವುದು, ಮಿಕ್ಸಿ ಸದ್ದು ಯಾವುದು ಅಂತ ಗೊತ್ತಾ ಅವರಿಗೆ? ನೀನು ರೊಟ್ಟಿ ತಟ್ಟುತ್ತಾ ಹಾಡಿದಷ್ಟು ಅವರು ಶಾಲು ಹೊದ್ಕೊಂಡು ಹಾಡಲಿ ನೋಡೋಣ!"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನಾಗರಾಜ್ ಬಂದರು. ಓಡಿ ಬಂದಿದ್ದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಾರ್... ಒಂದು ವಿಷಯ... ತಪ್ಪು ತಿಳ್ಕೋಬೇಡಿ..."

"ನೀವೂ ಲೋಡ್ ಆಗ್ತಾ ಇದೀರೇನ್ರೀ! ಬೇಗ ಹೇಳಿ!"

"ನಿಮ್ಮ ಬನಿಯನ್ನು... ಬಹಳ ಕ್ಲಿಯರಾಗಿ ಕಾಣ್ತಾ ಇದೆ ಸಾರ್."

"ಅದನ್ನ ಹೇಳೋಕೆ ಓಡಿ ಬಂದ್ರಾ?"

"ಲೈವ್‌ನಲ್ಲಿ ಸಾರ್."

ಗಿರಿಜಾಳ ಶ್ರುತಿಪೆಟ್ಟಿಗೆ ನಿಂತಿತು. ನಾಗರಾಜ್ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಎದುರಿನ ಬ್ರೌಸರನ್ನು ಮುಚ್ಚಿದರು. ಅದರ ಹಿಂದಿನದನ್ನೂ ಮುಚ್ಚಿದರು. ಎರಡರ ಹಿಂದೆ, ಅಡಗಿ ಕುಳಿತಿದ್ದ ಹೊಸ ಬ್ರೌಸರಿನಲ್ಲಿ, ತೀರ್ಪುಗಾರರು ಮೂವರೂ ನನ್ನನ್ನೇ ನೋಡುತ್ತಿದ್ದರು. ಹೊಸದು ತೆರೆದ ಕೂಡಲೇ ಸಂಪರ್ಕ ಸಿಕ್ಕಿತ್ತಂತೆ. ಒಬ್ಬ ಗಿರಿಜಾ ಒಳಗೆ ಬಂದಾಯಿತಲ್ಲ ಎಂದು ಸಂಘದವರು ಮಿಕ್ಕ ಇಬ್ಬರು ಗಿರಿಜೆಯರನ್ನು ಹೊರಗೆ ಕಾಯಿಸಿದ್ದರು. ನಾನು ಜಾಹೀರಾತೆಂದು ಬಾಯಿ ಮುಚ್ಚಿಸಿದ್ದು ಹಿಂದಿನ ಗಾಯಕಿಯ ಹಾಡು! ಕ್ಯಾಮೆರಾ ವಿನಯದಿಂದ ತಲೆ ಬಗ್ಗಿಸಿ ನನ್ನ ಹೊಟ್ಟೆಯ ಮೇಲಿನ ಬನಿಯನ್ನನ್ನು ಮಾತ್ರ ತೋರಿಸಿತ್ತು. ಮುಖ ಕಾಣಿಸಿರಲಿಲ್ಲ. ದನಿ ಮಾತ್ರ ಒಂದಕ್ಷರವೂ ತಡವರಿಸದೆ, ತುಂಡಾಗದೆ, ಬೆಣ್ಣೆಯಂತೆ ಹೋಗಿತ್ತು.

ಮಹಿಳಾ ತೀರ್ಪುಗಾರರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಡುವಿನ ಹಿರಿಯರ ಬಾಯಲ್ಲಿ ನಿಜವಾಗಿಯೂ ಎಲೆಅಡಿಕೆ ಇತ್ತು. ಸ್ಪೀಕರ್ ಹಾಕಿದೆ. ಅವರು ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ, ಶಾಂತವಾಗಿ ಹೇಳಿದರು.

"ಯಜಮಾನರೇ, ನಿಮ್ಮ ಹತ್ತು ನಿಮಿಷ ಮುಗಿಯಿತು."

ಮರುಕ್ಷಣವೇ ದಾವಣಗೆರೆಯಿಂದ ಫೋನು. "ಭಾವನೋರೇ, ಆ ಡಬ್ಬಾನ ವಾಪಸ್ ಕಳಿಸಿಬಿಡ್ರಿ. ಗುಜರಿಯವನಿಗೆ ನಾನೇ ದುಡ್ಡು ಕೊಡ್ತೀನಿ" ಎಂದು ಹೇಳಿ ನನ್ನ ಭಾವ ಫೋನಿಟ್ಟರು.

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಶ್ರುತಿಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು.

"ಇಷ್ಟು ವರ್ಷ ಒಲೆ ಮುಂದೆ ಹಾಡಿದೆ. ಹತ್ತೇ ಹತ್ತು ನಿಮಿಷ ಜನ ನನ್ನ ಕೇಳಬೇಕಿತ್ತು. ಅದನ್ನೂ ನೀವೇ ತಗೊಂಡ್ರಿ."

ಆಮೇಲೆ ಅವಳು ಅಡುಗೆಮನೆಯಲ್ಲೂ ಹಾಡುವುದನ್ನು ನಿಲ್ಲಿಸಿದಳು. ಮನೆ ಬಿಕೋ ಎನ್ನತೊಡಗಿತು. ನನಗೆ ಎಲ್ಲರ ಮೇಲೂ ಕೋಪ ಬಂತು. ಬ್ರೌಸರಿನ ಮೇಲೆ, ಕ್ಯಾಮೆರಾ ಮಾರಿದವನ ಮೇಲೆ, ನಾಗರಾಜ್ ಇನ್ನೂ ಬೇಗ ಓಡಿ ಬರಬಾರದಿತ್ತೇ ಎಂದು ಅವರ ಮೇಲೆ. ಕೋಪ ಮಾಡಿಕೊಳ್ಳಲು ಬೇರೆ ಯಾರೂ ಸಿಗದಿದ್ದಾಗ, ಬೇರೆ ದಾರಿಯಿಲ್ಲದೆ, ನನ್ನ ಮೇಲೂ ಸ್ವಲ್ಪ ಬಂತು.

ಎಲೆಅಡಿಕೆಯ ಆ ಹಿರಿಯರು ದೊಡ್ಡ ಮನುಷ್ಯರು. ತಪ್ಪು ಗಾಯಕಿಯದಲ್ಲ, ಮುಂದಿನ ಭಾನುವಾರ ಇನ್ನೊಂದು ಅವಕಾಶ ಕೊಡೋಣ ಎಂದರಂತೆ. ಸಂಘದಿಂದ ಗಿರಿಜಾಳಿಗೆ ಫೋನು ಬಂತು. ಮಾತಾಡುತ್ತಾ ಅವಳು ಒಮ್ಮೆ ನನ್ನನ್ನು ನೋಡಿ, "ಇಲ್ಲ ಮೇಡಂ, ಅವರು ಮನೇಲಿರಲ್ಲ. ಅದು ನನ್ನ ಜವಾಬ್ದಾರಿ" ಎಂದಳು.

ಭಾನುವಾರ ಬೆಳಿಗ್ಗೆ ನನ್ನ ಕೈಗೆ ಕೊಡೆ ಕೊಟ್ಟಳು. "ಹೇರೋಹಳ್ಳೀಲಿರೋ ನಮ್ಮ ಖಾಲಿ ಸೈಟಿಗೆ ಹೋಗಿ, ಯಾರಾದ್ರೂ ಕಸ ಹಾಕಿದಾರಾ ನೋಡ್ಕೊಂಡು ಬನ್ನಿ."

"ನಾನು ಆಚೆ ಗೇಟ್ ಹತ್ರ ನಿಂತಿರ್ತೀನಿ ಕಣೇ."

"ನಿಮ್ಮ ದನಿ ಗೇಟಿಗೆ ನಿಲ್ಲಲ್ಲ."

ಮಾಗಡಿ ರಸ್ತೆಯ ಬಸ್ಸು ಹತ್ತಿದೆ. ಹೇರೋಹಳ್ಳಿಯಲ್ಲಿ ಇಳಿದು ಗುಂಡಿಗಳನ್ನು ದಾಟಿ ಸೈಟು ತಲುಪಿದೆ. ಕಸ ಹಾಕಿದ್ದರು. ಯಾರನ್ನೂ ಬೈಯಲಿಲ್ಲ. ಕಸದ ನಡುವೆಯೇ ಕೊಡೆ ಬಿಚ್ಚಿ ನಿಂತು ಮೊಬೈಲು ತೆಗೆದೆ. ಅದೇ ಹೊಸ ಬ್ರೌಸರ್, ಅದೇ ಲಿಂಕ್. ಚಕ್ರ! ಇಲ್ಲಿ ಸಿಗ್ನಲ್ಲೇ ಇಲ್ಲ. ನಾಲಿಗೆಯ ತುದಿಗೆ ಗಾಣದ ಎತ್ತು ಬಂದೇಬಿಟ್ಟಿತು. ನುಂಗಿಕೊಂಡೆ.

ಆಗ ಪಕ್ಕದ ಮನೆಯ ಕಿಟಕಿಯಿಂದ ದನಿ ಕೇಳಿಸಿತು. ಗಿರಿಜಾ! ನಾಚಿಕೆ ಬಿಟ್ಟು ಬಾಗಿಲು ತಟ್ಟಿದೆ. ಪಕ್ಕದ ಸೈಟಿನವನೆಂಬಷ್ಟು ಪರಿಚಯವಿದ್ದ ಆ ಮನೆಯಾಕೆ, "ಬನ್ನಿ ಸಾರ್, ಕೂತ್ಕೊಳ್ಳಿ, ಹಾಡು ನಡೀತಿದೆ" ಎಂದರು. ಹಾಲ್‌ನಲ್ಲಿ ನಮ್ಮದಕ್ಕಿಂತಲೂ ಹಳೆಯ ಡೆಸ್ಕ್‌ಟಾಪು. ಅದರಲ್ಲಿ ಅದೇ ಬ್ರೌಸರ್, ಒಂದೇ ಒಂದು. ಎಲ್ಲೂ ಚಕ್ರವಿಲ್ಲ. ಗಿರಿಜಾ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಮೊಬೈಲನ್ನು ಚಟ್ನಿಪುಡಿ ಡಬ್ಬಕ್ಕೇ ಒರಗಿಸಿರಬೇಕು, ಚಿತ್ರ ಒಂಚೂರೂ ಅಲುಗಲಿಲ್ಲ. ನಮ್ಮ ಅಡುಗೆಮನೆಯಿಂದ ಇಂಥ ದನಿ ಬರುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಹಾಡು ಮುಗಿಯಿತು. ಎಲೆಅಡಿಕೆಯ ಹಿರಿಯರು ಬಾಯಿ ತೊಳೆದುಕೊಂಡು ಬಂದು, ವಾರ್ಷಿಕೋತ್ಸವದ ಮೊದಲ ಹಾಡು ಈ ತಾಯಿಯದೇ ಎಂದು ಘೋಷಿಸಿದರು. ಮನೆಯಾಕೆ ಚಪ್ಪಾಳೆ ತಟ್ಟಿದರು.

"ಎಷ್ಟು ಚೆನ್ನಾಗಿ ಹಾಡ್ತಾರೆ ಅಲ್ವಾ ಸಾರ್? ಪಾಪ, ಹೋದ ವಾರ ಯಾರೋ ಬನಿಯನ್ ಹಾಕ್ಕೊಂಡು ಕೂತು ಏನ್ ಅರಚಾಡಿದ ಅಂತೀರಾ! ನಮ್ಮ ಸಂಬಂಧಿಕರ ಗ್ರೂಪಲ್ಲೆಲ್ಲ ಆ ವಿಡಿಯೋನೇ. ಗಂಡನಂತೆ. ಅಂಥವನನ್ನ ಕಟ್ಕೊಂಡು ಹೇಗೆ ಏಗ್ತಾರೋ ಆ ಯಮ್ಮ!"

ದನಿಯ ಗುರುತು ಹತ್ತೀತೆಂದು ನಾನು ಪಿಸುಗುಟ್ಟಿದೆ. "ಹೌದಮ್ಮ. ಕಷ್ಟ."

"ಗಂಟಲು ಕಟ್ಟಿದೆಯಾ ಸಾರ್? ಇರಿ, ಬಿಸಿ ಕಷಾಯ ತರ್ತೀನಿ." ಅಡುಗೆಮನೆಗೆ ಹೊರಟವರು ಬಾಗಿಲಲ್ಲೇ ತಿರುಗಿ ನಿಂತರು. "ಇವತ್ತು ಆ ಗಂಡ ಮನೇಲಿ ಇರ್ಲಿಲ್ಲ ಅನ್ಸುತ್ತೆ. ಅದಕ್ಕೇ ಇಷ್ಟು ಚೆನ್ನಾಗಿ ಬಂತು."

ನಾನು ಬೇಗ ಬೇಗನೆ ತಲೆಯಾಡಿಸಿ, ಅಂಗಿಯ ಸಂದಿಯಿಂದ ಬನಿಯನ್ ಕಾಣುತ್ತಿದೆಯೇ ಎಂದು ನೋಡಿಕೊಂಡು, ಕತ್ತಿನವರೆಗೂ ಗುಂಡಿ ಹಾಕಿಕೊಂಡೆ.