ಪಕ್ಕದ ಮಂಚದ ಹೆಪ್ಪು

ಹೊಟ್ಟೆಯಲ್ಲಿ ಹುಳ ಇದೆ ಎಂದರೆ ಕೂಡಲೇ ನಂಬುವ ಜನ, ಒಳ್ಳೆಯ ಹುಳವೂ ಇದೆ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನಗೆ ಇದು ದಿನದ ಪಾಡು.

೧

ಕೇರಳಕ್ಕೆ ತರಕಾರಿ ಸಾಗಿಸುವ ಲಾರಿ ಡ್ರೈವರ್ ಒಬ್ಬರು ಮೂಗು ಸೋರಿದರೂ ಸಾಕು, ಯಾರನ್ನೂ ಕೇಳದೆ ಆ್ಯಂಟಿಬಯೋಟಿಕ್ ನುಂಗುತ್ತಿದ್ದರು. ಕೊನೆಗೆ ಭೇದಿ ಹತ್ತಿ ನಮ್ಮಲ್ಲಿಗೆ ಬಂದರು. ಹೊಟ್ಟೆಯಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಮಾತ್ರೆ ಕೊಂದುಹಾಕಿದೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು.

"ಒಳ್ಳೇದ್ಯಾವ್ದು ಕೆಟ್ಟದ್ಯಾವ್ದು ಅಂತ ನೋಡಕಿಲ್ವಾ ಸಾ ಅದು?"

"ನೋಡಲ್ಲಪ್ಪ."

ಡ್ರೈವರ್ ಸ್ವಲ್ಪ ಯೋಚಿಸಿದರು. "ಹಂಗಾರೆ ಕಾಡಿನ ಚೆಕ್‌ಪೋಸ್ಟ್‌ನೋರೇ ವಾಸಿ ಬುಡಿ. ರಾತ್ರಿ ಗೇಟ್ ಹಾಕೋಕ್ ಮುಂಚೆ ಒಂದ್ಸಲ ಮುಖನಾರ ನೋಡ್ತಾರೆ."

೨

ಹರವೆ ಕಡೆಯ ಊರೊಂದರಲ್ಲಿ ಹೆಂಗಸರ ಸಭೆ. ನಮ್ಮ ಮೈಮೇಲೆ, ಕರುಳಲ್ಲಿ ಕೋಟಿಗಟ್ಟಲೆ ಜೀವಿಗಳು ವಾಸವಾಗಿವೆ, ನಾವು ಉಂಡದ್ದರಲ್ಲೇ ಅವೂ ಉಣ್ಣುತ್ತವೆ ಎಂದೆ. ಹಿಂದಿನ ಸಾಲಿನಿಂದ ಒಬ್ಬಾಕೆ ಗಂಭೀರವಾಗಿ ಎದ್ದುನಿಂತರು.

"ಅಷ್ಟೊಂದ್ ಜನ ಉಣ್ತಾವ್ರೆ ಅಂದ್ಮೇಲೆ, ನಮ್ ರೇಷನ್ ಕಾರ್ಡಲ್ಲಿ ಐದೇ ಜನ ಅಂತ ಯಾಕ್ ಬರ್ದವ್ರೆ ಸಿಸ್ಟರ್?"

ಆಹಾರ ಇಲಾಖೆಯವರು ಆ ದಿನ ಬಂದಿರಲಿಲ್ಲ, ಬಚಾವಾದರು.

೩

ಇದನ್ನು ನಗುತ್ತಾ ಹೇಳುವುದು ನನಗೆ ಸ್ವಲ್ಪ ಕಷ್ಟ. ಕಾಲಿನ ಗಾಯ ಕೀವಾಗಿ ಒಬ್ಬ ಅಜ್ಜಿ ದಾಖಲಾಗಿದ್ದರು. ಆ್ಯಂಟಿಬಯೋಟಿಕ್ ಬೇಕೇಬೇಕಿತ್ತು, ಗಾಯವೂ ಮಾಗಿತು. ಆದರೆ ಹೊಟ್ಟೆ ಕೆಟ್ಟು ಅಜ್ಜಿ ಇಳಿದುಹೋದರು. ಮೊಸರನ್ನ ತಿನ್ನಿಸಿ, ಏನೂ ಸೇರದಿದ್ದರೆ ಈ ವಯಸ್ಸಿನಲ್ಲಿ ಕಷ್ಟ ಎಂದರು ಡಾಕ್ಟರ್.

ಅಜ್ಜಿಯದು ಒಂದೇ ಹಟ. "ನಮ್ಮತ್ತೆ ಕೊಟ್ಟ ಹೆಪ್ಪಿನ ಮೊಸರಾದ್ರೆ ಉಣ್ತೀನಿ. ಕಂಡೋರ ಮನೇದು ಬ್ಯಾಡ." ಆ ಹೆಪ್ಪನ್ನು ಅವರು ಒಂದು ಚಮಚವೂ ಹೊರಗೆ ಕೊಟ್ಟವರಲ್ಲ. ದೀಪ ಹಚ್ಚಿದ ಮೇಲಂತೂ ಆ ಮಾತೇ ಎತ್ತುವಂತಿರಲಿಲ್ಲ.

ಸೊಸೆ ವರಾಂಡದಲ್ಲಿ ನನ್ನ ಕೈ ಹಿಡಿದು ಅತ್ತಳು. "ನಾನ್ ಇಲ್ಲೇ ಇದ್ನಲ್ಲ ಸಿಸ್ಟರ್, ಮನೇಲಿ ಹೆಪ್ಪಾಕೋರು ಯಾರೂ ಇರ್ನಿಲ್ಲ. ಇದ್ದುದ್ದು ಬೂಷ್ಟು ಹಿಡ್ದೋಗದೆ. ಅತ್ತೆಗೆ ಏನಂತ ಹೇಳ್ಲಿ?" ಅಜ್ಜಿ ಉಳಿಯುತ್ತಾರೋ ಇಲ್ಲವೋ ಎಂದು ಹೆದರಿದ್ದೆ.

ಪಕ್ಕದ ಮಂಚದಲ್ಲಿ ತನ್ನ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಟೈಲರಮ್ಮ, ಪೇಟೆಯ ಮುಸ್ಲಿಮರ ಮನೆಯವರು, ಸೊಸೆಯ ಅಳು ಕೇಳಿ ಡಬ್ಬಿ ತಂದು ಅವಳ ಕೈಗಿಟ್ಟರು. "ನಮ್ದು ಮೊಸರು ಐತೆ, ಅಮ್ಮಾಗೆ ಹಾಕಿ. ಯಾರ್ದು ಅಂತ ಹೇಳ್ಬೇಡಿ."

ಅಜ್ಜಿ ಒಂದು ತುತ್ತು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ನಮ್ಮನೇದೇ," ಎಂದು ಮತ್ತೊಂದು ತುತ್ತಿಗೆ ಬಾಯಿ ತೆರೆದರು.

ದಿನಾ ಡಬ್ಬಿ ಬಂತು, ಅಜ್ಜಿ ನಿಧಾನಕ್ಕೆ ಚೇತರಿಸಿಕೊಂಡರು. ಮನೆಗೆ ಹೊರಡುವ ದಿನ ಸೊಸೆಗೆ ತಡೆಯಲಾಗಲಿಲ್ಲ, ಕಾಲು ಹಿಡಿದು ನಿಜ ಹೇಳಿಬಿಟ್ಟಳು.

"ಗೊತ್ತು ಬುಡು ಕಣಮ್ಮಿ," ಎಂದರು ಅಜ್ಜಿ. "ನಮ್ಮನೇದು ಯಾವತ್ತು ಇಷ್ಟ್ ಗಟ್ಟಿಯಾಗಿ ಹೆಪ್ಪಾಗಿತ್ತು?"

ಆಮೇಲೆ ಟೈಲರಮ್ಮನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಒಂಚೂರು ಹೆಪ್ಪು ಕೊಡವ್ವ. ಊರಲ್ಲಿ ಯಾರಾರ ಕೇಳುದ್ರೆ, ನಮ್ಮತ್ತೆ ಕಾಲದ್ದು ಅಂತ ಹೇಳ್ಕತೀನಿ."