ನಮ್ಮ ಯಜಮಾನರ ಕೊರಳಿಗೆ ಊರ ನಾಯಿಗಳನ್ನು ಕಟ್ಟಿದ ನಿಯಮಕ್ಕೆ

ಮಾನ್ಯರೇ,

ಪ್ರಾಣಿಗಳ ಆಸ್ಪತ್ರೆಯ ವೆಬ್‌ಸೈಟಿನ ಒಳಮನೆಯಲ್ಲಿ, ಮಾಲೀಕರ ಕೋಷ್ಟಕಕ್ಕೂ ಪ್ರಾಣಿಗಳ ಕೋಷ್ಟಕಕ್ಕೂ ನಡುವೆ, ಪ್ರತಿ ಪ್ರಾಣಿಗೂ ಒಬ್ಬ ಮಾಲೀಕರ ಹೆಸರು ಅಂಟಿರಲೇಬೇಕೆಂದು ಕಣ್ಣು ಮಿಟುಕಿಸದೆ ಕುಳಿತಿರುವ ಘನ ನಿಯಮರಾದ ತಮ್ಮ ಸನ್ನಿಧಾನಕ್ಕೆ, ಅದೇ ಆಸ್ಪತ್ರೆಯ ಗೇಟು ಕಾಯುತ್ತಿದ್ದವರ ಹೆಂಡತಿಯಾದ ನಾನು ಬಗ್ಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿರುವುದು ನಮಗೆ ಚೆನ್ನಾಗಿ ಗೊತ್ತಾಗಿದೆ. ನಾವು ಅಷ್ಟಾಗಿ ಇಲ್ಲ.

ತಮ್ಮ ಕಟ್ಟುನಿಟ್ಟು ಮೆಚ್ಚತಕ್ಕದ್ದು. ಮಾಲೀಕರಿಲ್ಲದ ಪ್ರಾಣಿಯನ್ನು ತಾವು ಕೋಷ್ಟಕದ ಒಳಗೆ ಸೇರಿಸುವುದಿಲ್ಲ, ಒಳಗೆ ಸೇರದ ಪ್ರಾಣಿಗೆ ಔಷಧಿ ಕೊಡಲು ಬಿಡುವುದಿಲ್ಲ. ಆದ್ದರಿಂದಲೇ ಲಾರಿಗೆ ಸಿಕ್ಕಿ ಕಾಲು ಮುರಿದ ಬೀದಿನಾಯಿಯೊಂದನ್ನು ಯಾರೋ ತಂದು ಮೇಜಿನ ಮೇಲೆ ಮಲಗಿಸಿದಾಗ, ಅದು ಕಟ್ಟಡ ಕಿತ್ತುಹೋಗುವಂತೆ ಊಳಿಡುತ್ತಿದ್ದರೂ ತಮ್ಮ ಪ್ರಕಾರ ಅದಿನ್ನೂ ಹುಟ್ಟಿಯೇ ಇರಲಿಲ್ಲ. ಅವಸರದಲ್ಲಿದ್ದ ಡಾಕ್ಟರಮ್ಮ, ಆಸ್ಪತ್ರೆಯ ನೌಕರರ ಹೆಸರುಗಳೂ ಮಾಲೀಕರ ಕೋಷ್ಟಕದಲ್ಲೇ ಇರುವುದನ್ನು ಕಂಡು, ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರನ್ನೇ ನಾಯಿಯ ಮಾಲೀಕರೆಂದು ಕಂಪ್ಯೂಟರಿನಲ್ಲಿ ಒತ್ತಿಬಿಟ್ಟರು. ಇವರು "ಅದಕ್ಕೇನ್ ಮೇಡಂ, ಹಾಕ್ಕೊಳ್ಳಿ" ಅಂದರಂತೆ. ಅಲ್ಲಿಂದ ಅದೇ ರೂಢಿಯಾಯಿತು. ಕಿವಿ ಹರಿದದ್ದು, ಕಜ್ಜಿ ಹಿಡಿದದ್ದು, ಚರಂಡಿಯಲ್ಲಿ ಸಿಕ್ಕ ಮರಿಗಳು, ಸಾಲದ್ದಕ್ಕೆ ಒಂದು ಕುಂಟು ಕತ್ತೆ, ಎಲ್ಲವೂ ಆಸ್ಪತ್ರೆಯ ಹಿತ್ತಲಲ್ಲಿ ಇದ್ದುಕೊಂಡೇ, ನನ್ನನ್ನು ಒಂದು ಮಾತು ಕೇಳದೆ ನಮ್ಮ ಸಂಸಾರಕ್ಕೆ ಸೇರಿಕೊಂಡವು.

ಇಷ್ಟರಲ್ಲಿ ಅವರಿಗೆ ನಿವೃತ್ತಿ ಬಂತು. ಮಂಡಿ ಸವೆದು ಹೋಗಿ, ಗೇಟಿಗಿಂತ ಮೊದಲು ಇವರೇ ಕಿರುಗುಟ್ಟುತ್ತಿದ್ದ ಕಾಲ ಅದು. ಹೆಸರು ಅಳಿಸಿದ ಮೇಲಷ್ಟೇ ಬಿಡುಗಡೆ ಎಂಬುದು ಆ ಆಫೀಸಿನ ಪದ್ಧತಿ. ಗುಮಾಸ್ತರು ಅಳಿಸಹೋದರೆ, ಈ ವ್ಯಕ್ತಿಯನ್ನು ನಂಬಿಕೊಂಡ ಪ್ರಾಣಿಗಳಿವೆ, ಅಳಿಸಲಾಗದು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹೊಸ ಕಾವಲುಗಾರ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರೂ ಇವರಿಗೆ ಮನೆಗೆ ಬರುವ ಯೋಗವಿಲ್ಲ.

ಪ್ರೋಗ್ರಾಂ ಬರೆದ ಹುಡುಗಿಯನ್ನು ಕರೆಸಿದೆವು. "ಇವರ ಜೊತೆ ನಾಯಿಗಳೂ ಅಳಿಸಿ ಹೋಗೋ ಹಾಗೆ ಮಾಡಬಹುದು ಆಂಟಿ, ಒಂದೇ ಸಲಕ್ಕೆ ಎಲ್ಲಾ ಕ್ಲೀನು" ಎಂದಳು. ಹೋದರೆ ಅವುಗಳ ಚುಚ್ಚುಮದ್ದು, ಹೊಲಿಗೆ, ಮಾತ್ರೆಗಳ ವಿವರವೂ ಹೋಗುತ್ತದೆ, ಮತ್ತೆ ಯಾರೂ ಅವುಗಳನ್ನು ಮುಟ್ಟುವುದಿಲ್ಲ. ಇವರು "ಬೇಡಮ್ಮಾ, ನಾನು ಗೇಟಲ್ಲೇ ಇರ್ತೀನಿ ಬಿಡು" ಅಂದರು. ನನಗೆ ಅಳುವೂ ಬಂತು, ಮೈಯೆಲ್ಲ ಉರಿದೂ ಹೋಯಿತು. ಬೇರೆ ಯಾರಾದರೂ ವಹಿಸಿಕೊಳ್ಳಿರೆಂದರೆ, ಡಾಕ್ಟರಮ್ಮನಿಗೆ ಮನೆಯಲ್ಲಿ ಬೆಕ್ಕು, ಮ್ಯಾನೇಜರಿಗೆ ಅಲರ್ಜಿ, ಗುಮಾಸ್ತರಿಗೆ ಅತ್ತೆ.

ಸಂಬಂಧವೆಂದರೆ ಹೀಗಿರಬೇಕು ಎಂದು ತೋರಿಸಿಕೊಟ್ಟ ತಾವು ದಯಮಾಡಿ ನಮ್ಮ ಮನೆಗೂ ಚಿತ್ತೈಸಬೇಕು. ನನ್ನ ಮೈದುನ ಊಟದ ಹೊತ್ತಿಗೆ ನಮ್ಮವನು, ಪಾತ್ರೆ ತೊಳೆಯುವ ಹೊತ್ತಿಗೆ ಯಾರಿಗೂ ಸಂಬಂಧಪಡದವನು. ಮಗ ಮತ್ತು ಸೊಸೆ ಮಾತು ಬಿಟ್ಟಿದ್ದಾರೆ. ತಾವು ಇಬ್ಬರ ನಡುವೆ ಕುಳಿತು, ಒಬ್ಬರನ್ನು ಕೇಳದೆ ಇನ್ನೊಬ್ಬರು ಬಾಗಿಲು ದಾಟದಂತೆ ತಡೆದರೆ, ತಮಗೆ ಹಾರ ಹಾಕಲು ಕೊರಳು ಎಲ್ಲಿದೆಯೆಂದು ಆ ಹುಡುಗಿಯನ್ನೇ ಕೇಳಿಕೊಳ್ಳುತ್ತೇನೆ.

ಕೊನೆಗೆ, ಕತ್ತೆಯೂ ಸೇರಿದಂತೆ ಅಷ್ಟನ್ನೂ ನಾನೇ ನನ್ನ ಹೆಸರಿಗೆ ಹಾಕಿಸಿಕೊಂಡೆ. ತಾವು ತುಟಿಪಿಟಿಕ್ಕೆನ್ನದೆ ಒಪ್ಪಿದಿರಿ. ಯಜಮಾನರ ಹೆಸರು ಅಳಿಯಿತು, ಅವರು ಮನೆಗೆ ಬಂದರು.

ಬಲವಂತದಿಂದಲೇ ಆದರೂ,
ತಮ್ಮ ವಿಶ್ವಾಸಿ,
ಮಾಜಿ ಕಾವಲುಗಾರರ ಹೆಂಡತಿ ಹಾಗೂ ಹಾಲಿ ನಾಯಿಗಳ ಒಡತಿ

ತಾ.ಕ.: ನಿನ್ನೆ ಇವರು ನಾಯಿಗಳನ್ನು ನೋಡಲು ಆಸ್ಪತ್ರೆಗೆ ಹೋದರೆ ಹೊಸ ಕಾವಲುಗಾರ ಕಂಪ್ಯೂಟರು ನೋಡಿ, "ನಿಮ್ಮ ಹೆಸರೇ ಇಲ್ವಲ್ಲ ಯಜಮಾನ್ರೇ" ಎಂದು ಹಿಂದಕ್ಕೆ ಕಳಿಸಿದನಂತೆ. ಬಂದವರು ಊಟ ಬಿಟ್ಟು ಮಲಗಿದರು. ಪ್ರತಿ ಪ್ರಾಣಿಗೂ ಒಂದು ದಿಕ್ಕಿರಲೇಬೇಕೆಂದು ಅಷ್ಟು ಹಠ ಹಿಡಿದ ತಾವು, ಇಷ್ಟು ವರ್ಷ ಅವಕ್ಕೆ ದಿಕ್ಕಾಗಿದ್ದ ಮನುಷ್ಯನನ್ನು ಕೊನೆಗೆ ಅಳಿಸುವಾಗ ಮಾತ್ರ ಒಂದು ಗಳಿಗೆಯೂ ತಡೆಯಲಿಲ್ಲವಲ್ಲ.